ಅತ್ತೆ ಕುದಿಸಿದ ಔಷಧಿ

ಹೋದ ತಿಂಗಳು ಪ್ರಮೋದನಿಗೆ ಹೊಟ್ಟೆ ಕೆಟ್ಟಾಗ ಡಾಕ್ಟರು ಮಾತ್ರೆಗಳ ಜೊತೆ ಒಂದಿಷ್ಟು ಪುಡಿಯ ಪೊಟ್ಟಣಗಳನ್ನೂ ಕೊಟ್ಟಿದ್ದರು. ಸಿಂಧು ಪೊಟ್ಟಣದ ಹಿಂದೆ ಬರೆದದ್ದನ್ನು ಓದಿ, "ಇದರಾಗ ಕೋಟಿಗಟ್ಟಲೆ ಹುಳ ಅದಾವಲೇ, ಎಲ್ಲಾ ಜೀವಂತ!" ಎಂದು ತಮ್ಮನನ್ನು ಹೆದರಿಸಿದಳು. ಅವನು ಬಾಯಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿದ. ರುಚಿ ಗೊತ್ತಾಗದಿರಲಿ ಎಂದು ನಿಮ್ಮ ಅಮ್ಮ ಲೀಲಾ ಆ ಪುಡಿಯನ್ನು ಬಿಸಿ ಹಾಲಿಗೆ ಸುರಿಯಲು ಹೋದಳು. ಆಗ ನಾನು ಎದ್ದು ಹೋಗಿ ಅವಳ ಕೈ ಹಿಡಿದುಕೊಂಡೆ.

ನೀವೆಲ್ಲ ನನ್ನ ಮುಖ ನೋಡಿದಿರಿ. ನಾನು ಯಾರ ಕೈಯನ್ನೂ ಹಾಗೆ ತಡೆದವಳಲ್ಲ. "ಬಿಸಿದಾಗ ಬ್ಯಾಡವ್ವ, ಸಾಯ್ತಾವ. ತಣ್ಣನ ನೀರಾಗ ಕೊಡು" ಎಂದೆ. "ನಿನಗ ಹೆಂಗ ಗೊತ್ತಜ್ಜಿ?" ಎಂದು ಸಿಂಧು ಬೆನ್ನು ಹತ್ತಿದಳು. ಆಮೇಲೆ ಹೇಳುತ್ತೇನೆಂದು ಒಳಗೆ ಹೋಗಿಬಿಟ್ಟೆ. ಹೊಟ್ಟೆಯ ಮಾತು, ಬಯಲಿಗೆ ಹೋಗುವ ಮಾತು. ಮೊಮ್ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಈಗಲೂ ನಾಚಿಕೆ. ಬರೆದರೆ ಯಾರ ಕಣ್ಣನ್ನೂ ನೋಡಬೇಕಾಗಿಲ್ಲ. ಕುರುಗೋಡಿನ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇಷ್ಟಕ್ಕೆ ಸಾಕು. ಮುಂದೆ ನಿಮ್ಮಲ್ಲಿ ಯಾರಾದರೂ ಹೀಗೆ ಬಹಳ ದಿನ ಮಲಗಬೇಕಾಗಿ ಬಂದರೆ, ಅಜ್ಜಿಯೂ ಮಲಗಿದ್ದಳು, ಎದ್ದಳು ಎಂಬುದು ಗೊತ್ತಿರಲಿ.

ನಾನು ಕೈ ಹಿಡಿದೆನಲ್ಲ, ಆ ನಿಮ್ಮ ಅಮ್ಮನೇ ಈ ಕಥೆಯ ಕೂಸು.

ಆಗ ನಾವು ಸಿರುಗುಪ್ಪದಲ್ಲಿದ್ದೆವು. ನಿಮ್ಮ ಅಜ್ಜ ಅಕ್ಕಿ ಮಿಲ್ಲಿನಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು, ನನ್ನ ಅತ್ತೆ ನೀಲಮ್ಮನವರು, ಮತ್ತು ಆಗತಾನೇ ಕೂಡಲು ಕಲಿತಿದ್ದ ಲೀಲಾ. ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸುತ್ತಿದ್ದರು. ನಿಂತ ನೀರನ್ನೇ ಸೋಸಿ ಕುಡಿಯುವ ದಿನಗಳವು. ಆ ಬೇಸಿಗೆಯಲ್ಲಿ ನನಗೆ ಆಮಶಂಕೆ ಹತ್ತಿತು. ಮೊದಲು ಹೊಟ್ಟೆ ಮುರಿತ, ಆಮೇಲೆ ಜ್ವರ, ಆಮೇಲೆ ರಕ್ತ.

ನಿಮಗೆ ಇದು ತಿಳಿಯುವುದು ಕಷ್ಟ. ಈಗ ಮನೆಯೊಳಗೇ ಎಲ್ಲ ಇದೆ. ಆಗ ನಮ್ಮ ಓಣಿಯ ಹೆಂಗಸರು ಬೆಳಗು ಹರಿಯುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ತಂಬಿಗೆ ಹಿಡಿದು ಬಯಲಿಗೆ ಹೋಗಬೇಕಿತ್ತು. ನಡುವೆ ಹೊಟ್ಟೆ ನೊಂದರೆ ಹಲ್ಲು ಕಚ್ಚಿ ಕೂತಿರಬೇಕು. ನನಗೆ ಹಲ್ಲು ಕಚ್ಚಿದರೂ ಆಗುತ್ತಿರಲಿಲ್ಲ. ಮೊದಲ ದಿನ ಸೀರೆ ಹೊಲಸಾದಾಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಸಾಯುವ ಭಯಕ್ಕಿಂತ ಅತ್ತೆ ನೋಡುತ್ತಾರೆ ಎಂಬ ಭಯ ದೊಡ್ಡದಾಗಿತ್ತು.

ಅತ್ತೆ ನೋಡಿದರು. ಹಿತ್ತಲಿಗೆ ಹೋಗಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಮಿಲ್ಲಿನ ಹಳೆಯ ಗೋಣಿತಟ್ಟುಗಳನ್ನು ಹಗ್ಗಕ್ಕೆ ಕಟ್ಟಿ ಮರೆ ಮಾಡಿದರು. ಒಳಗೆ ಕುಣಿ ತೋಡಿ, ಪಕ್ಕದಲ್ಲಿ ಬುಟ್ಟಿ ತುಂಬ ಒಲೆಯ ಬೂದಿ ಇಟ್ಟರು.

"ಇದು ನಿನ್ನ ಅರಮನಿ ನೋಡವ್ವ. ಯಾರ ಅಪ್ಪಣಿನೂ ಬ್ಯಾಡ, ಬೇಕಾದಾಗ ಹೋಗು" ಎಂದರು.

"ಅತ್ತಿ, ಓಣ್ಯಾಗ ಏನಂತಾರ್ರಿ?"

"ಅಂದೋರ ಹೊಟ್ಟಿ ಏನು ಬಂಗಾರದ್ದೇನು? ಅವರಿಗೂ ಐತಿ ಅದೇ ಹೊಟ್ಟಿ."

ದಿನವೂ ತಾವೇ ಬೂದಿ ಹಾಕಿ, ಮಣ್ಣು ಮುಚ್ಚಿ, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆಗೆ ಕೂಡುತ್ತಿದ್ದರು. ಹಿತ್ತಲ ಕೆಲಸಕ್ಕೂ ಪೂಜೆಗೂ ನಡುವೆ ಒಂದು ದಿನವೂ ಮುಖ ಸಿಂಡರಿಸಿದ್ದನ್ನು ನಾನು ಕಾಣಲಿಲ್ಲ. ಮಡಿಯ ವಿಷಯದಲ್ಲಿ ಓಣಿಗೆಲ್ಲ ಬುದ್ಧಿ ಹೇಳುವ ಹೆಂಗಸು ಅವರು.

ಊರಿನ ಔಷಧಿಗೆ ಎರಡು ದಿನ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಆಗ ನಿಮ್ಮ ಅಜ್ಜ ಬಳ್ಳಾರಿಯ ಗಾಂಧಿನಗರದಲ್ಲಿದ್ದ ಒಬ್ಬ ಡಾಕ್ಟರಮ್ಮನ ಹೆಸರು ಕೇಳಿಕೊಂಡು ಬಂದರು. ಪರೀಕ್ಷೆಗೆ ಮಲ ತರಬೇಕೆಂದು ಮೊದಲೇ ಹೇಳಿದ್ದರಂತೆ. ಸೀಸೆಯನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಅವರು ಬಸ್ಸಿನಲ್ಲಿ ಕೂತರು. ಕೂಸನ್ನೆತ್ತಿಕೊಂಡು ನಾನೂ ಅತ್ತೆಯೂ ಪಕ್ಕದಲ್ಲಿ. ಕಂಡಕ್ಟರು ಟಿಕೆಟ್ ಹರಿಯುತ್ತ, "ಏನ್ರಿ ಗುಮಾಸ್ತರ, ತುಪ್ಪ ಒಯ್ಯಾಕತ್ತೀರೇನು? ಭಾಳ ಜತನ ಮಾಡೀರಿ" ಎಂದ. ನಿಮ್ಮ ಅಜ್ಜ ಕಿಟಕಿಯ ಕಡೆ ನೋಡಿದರು. ಅಷ್ಟು ನೋವಿನಲ್ಲೂ ನನಗೆ ಸೆರಗಿನೊಳಗೆ ನಗು ಬಂತು.

ಡಾಕ್ಟರಮ್ಮನ ಮನೆಯ ಮುಂದಿನ ಪಡಸಾಲೆಯೇ ಕಾಯುವ ಜಾಗ. ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ಜನ. ಪಾಯಖಾನೆ ಹಿತ್ತಲಲ್ಲಿ. ಅಲ್ಲಿಗೆ ಹೋಗಬೇಕಾದರೆ ಎಲ್ಲರ ಮುಂದೆಯೇ ಹಾದು ಹೋಗಬೇಕು. ಒಮ್ಮೆ ಹೋಗಿ ಬಂದೆ. ಎರಡನೆಯ ಸಲ ಏಳಲಾರದೆ, ಏಳದೆ ಇರಲೂ ಆಗದೆ ಬೆವರುತ್ತ ಕೂತೆ. ಪಕ್ಕದಲ್ಲಿ ಕೌಲ್ ಬಜಾರಿನ ಜೈನಾಬಿ ಎಂಬ ವಯಸ್ಸಾದ ಹೆಂಗಸು ಕೂತಿದ್ದರು. ನನ್ನ ಮುಖ ನೋಡಿ ತಮ್ಮ ಚೀಲವನ್ನು ನನ್ನ ಜಾಗದ ಮೇಲೆ ಇಟ್ಟರು.

"ಹೋಗವ್ವ ಬೇಟಿ. ಜಾಗ ನಾ ನೋಡ್ಕೋತೀನಿ."

"ಎಲ್ಲಾರೂ ನೋಡಾಕತ್ತಾರ್ರಿ" ಎಂದೆ.

"ನೋಡಲಿ ಬಿಡು. ಇಲ್ಲಿ ಯಾರು ಮದಿವಿಗೆ ಬಂದಾರ? ಎಲ್ಲಾರದೂ ಇದೇ ಫಿಕೀರು. ನಾ ಬಂದಾಗಿಂದ ಮೂರು ಸಲ ಓಡೀನಿ, ನೀ ನೋಡಿದೇನು?"

ನಾನು ನೋಡಿರಲಿಲ್ಲ. ನನ್ನದೇ ಚಿಂತೆಯಲ್ಲಿ ಯಾರನ್ನೂ ನೋಡಿರಲಿಲ್ಲ. ಹಾಗಾದರೆ ನನ್ನನ್ನೂ ಯಾರೂ ಅಷ್ಟಾಗಿ ನೋಡಿರಲಿಕ್ಕಿಲ್ಲ ಎಂದು ಹೊಳೆಯಿತು. ಕಾಯಿಲೆ ಬಂದಾಗಿನಿಂದ ನನಗೆ ಸಿಕ್ಕ ಮೊದಲ ಸಮಾಧಾನ ಅದು. ಜೈನಾಬಿಯವರನ್ನು ನಾನು ಮತ್ತೆ ಕಾಣಲಿಲ್ಲ. ಆದರೆ ಆಸ್ಪತ್ರೆಗಳಲ್ಲಿ ಕೂತಾಗಲೆಲ್ಲ ಪಕ್ಕದವರ ಮುಖ ನೋಡುವುದನ್ನು ಅವರಿಂದ ಕಲಿತೆ.

ಡಾಕ್ಟರಮ್ಮ ಆಂಧ್ರದ ಕಡೆಯವರು. ದಪ್ಪ ಕನ್ನಡಕ, ದೊಡ್ಡ ದನಿ. ಹೊಟ್ಟೆಯಲ್ಲಿ ಕೆಟ್ಟ ಕ್ರಿಮಿ ಸೇರಿದೆ, ಕರುಳಿಗೆ ಗಾಯ ಮಾಡಿದೆ, ಮಾತ್ರೆ ಕೊಡುತ್ತೇನೆ ಎಂದರು. ನನ್ನ ಮಡಿಲಲ್ಲಿದ್ದ ಲೀಲಾಳನ್ನು ನೋಡಿ ದನಿ ತಗ್ಗಿಸಿದರು.

"ಹಾಲು ಕುಡಿಸ್ತೀಯೇನಮ್ಮಾ?"

"ಹೂಂರಿ."

"ನಿಲ್ಲಿಸಬೇಕು. ಕೂಸಿಗೆ ಇದು ಹತ್ತಿದ್ರ ತಡ್ಕೊಳ್ಳಾಂಗಿಲ್ಲ. ನಿನ್ನ ಕೈಯಿಂದ ಅದಕ್ಕ ಏನೂ ಹೋಗಬಾರದು. ಪೂರ್ತಿ ಗುಣ ಆಗೋತನಕ ತೌರಮನಿಯಾಗ ಬಿಡು."

ಆಮೇಲೆ ಅತ್ತೆಯ ಕಡೆ ತಿರುಗಿ, ತಮ್ಮ ತೆಲುಗಿನಲ್ಲಿ ದೊಡ್ಡಮ್ಮನೆಂದು ಕರೆದು, ಪಡಸಾಲೆಯವರಿಗೂ ಕೇಳುವಂತೆ ಹೇಳಿದರು: "ಪೆದ್ದಮ್ಮಾ, ಕೇಳ್ರಿ. ಕುದಿಸಲಾರದ್ದು ಒಂದು ಗುಟುಕೂ ಈಕಿ ಬಾಯಾಗ ಹೋಗಬಾರದು. ನೀರು, ಹಾಲು, ಗಂಜಿ, ಏನು ಕೊಟ್ರೂ ಕುದಿಸೇ ಕೊಡ್ರಿ. ತಿಳೀತಾ?"

"ತಿಳೀತ್ರಿ" ಎಂದರು ಅತ್ತೆ. ಅವರಿಗೆ ಒಮ್ಮೆ ಹೇಳಿದರೆ ಸಾಕು. ಅದೇ ಮುಂದೆ ನಮಗೆ ಮುಳುವಾಯಿತು.

ಅಂದೇ ಲೀಲಾಳನ್ನು ಕುರುಗೋಡಿನಲ್ಲಿ ನನ್ನ ಅವ್ವನ ಹತ್ತಿರ ಬಿಟ್ಟು ಬಂದೆವು. ಅವ್ವ ಮೇಕೆ ಹಾಲು ಕಾಸಿ ಒಳಲೆಯಲ್ಲಿ ಕುಡಿಸುತ್ತೇನೆಂದಳು. ಕೂಸು ನಿದ್ದೆಯಲ್ಲಿತ್ತು. ಎಬ್ಬಿಸಬೇಡ ಎಂದರು. ಬಸ್ಸಿನಲ್ಲಿ ಎದೆ ಕಟ್ಟಿ, ರವಿಕೆ ತೋಯ್ದು, ಸೆರಗನ್ನು ಮಡಿಸಿ ಮಡಿಸಿ ಒತ್ತಿಕೊಂಡು ಸಿರುಗುಪ್ಪ ಮುಟ್ಟಿದೆ. ಅಂದಿನಿಂದ ನನಗಿದ್ದದ್ದು ಒಂದೇ ಚಿಂತೆ. ಕೂಸು ನನ್ನನ್ನು ಮರೆಯುವ ಮುಂಚೆ ಗುಣವಾಗಬೇಕು.

ಅತ್ತೆ ಡಾಕ್ಟರಮ್ಮನ ಮಾತನ್ನು ಶಿರಸಾವಹಿಸಿ ಪಾಲಿಸಿದರು. ನೀರು ಕುದಿಯಿತು. ಹಾಲು ಮೂರು ಸಲ ಕುದಿಯಿತು. ನನ್ನ ತಟ್ಟೆ, ಲೋಟ, ಚಮಚ ಕುದಿದವು. ಪಕ್ಕದ ಮನೆಯವರು ಬಾಳೆಹಣ್ಣು ಕೊಟ್ಟರೆ ಅದೂ ಕುದಿಯಿತು. ಮೊಸರು, ಮಜ್ಜಿಗೆಯನ್ನಂತೂ ಬಾಣಂತಿಗೆ ತಂಪು ಎಂದು ಮೊದಲಿನಿಂದಲೂ ಕೊಟ್ಟಿರಲಿಲ್ಲ. ಮಾತ್ರೆ ಮುಗಿಯುವ ಹೊತ್ತಿಗೆ ಜ್ವರ ಬಿಟ್ಟಿತು, ರಕ್ತ ನಿಂತಿತು. ಕೂಸನ್ನು ಕರೆತರುವ ದಿನ ಎಣಿಸುತ್ತಿದ್ದೆ. ಅಷ್ಟರಲ್ಲಿ ಭೇದಿ ಮತ್ತೆ ಶುರುವಾಯಿತು. ಈ ಸಲ ರಕ್ತವಿರಲಿಲ್ಲ, ನೋವೂ ಅಷ್ಟಿರಲಿಲ್ಲ. ಆದರೆ ಉಂಡದ್ದು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ.

ಬಸ್ಸಿನಲ್ಲಿ ಕೂಡುವ ಶಕ್ತಿ ನನಗಿರಲಿಲ್ಲವಾದ್ದರಿಂದ ನಿಮ್ಮ ಅಜ್ಜ ಒಬ್ಬರೇ ಬಳ್ಳಾರಿಗೆ ಹೋದರು. ಡಾಕ್ಟರಮ್ಮ ಎಲ್ಲ ಕೇಳಿ, ಮಾತ್ರೆಗಳು ಕೆಟ್ಟ ಕ್ರಿಮಿಯ ಜೊತೆ ಹೊಟ್ಟೆಗೆ ಬೇಕಾದ ಒಳ್ಳೆಯ ಕ್ರಿಮಿಗಳನ್ನೂ ಓಡಿಸಿರಬೇಕು, ಅವನ್ನು ತಿರುಗಿ ತುಂಬಬೇಕು ಎಂದು ಒಂದು ಪುಡಿಯನ್ನು ಬರೆದುಕೊಟ್ಟರಂತೆ. ಅಂಗಡಿಯವರು ಪೊಟ್ಟಣಗಳನ್ನು ಐಸಿನ ಪೆಟ್ಟಿಗೆಯಿಂದ ತೆಗೆದು, "ಬಿಸಿಲಿಗೆ ಕೆಡ್ತಾವ, ತಂಪಾಗಿ ಇಡ್ರಿ" ಎಂದರಂತೆ.

ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತು. ಕೋಟೆಗುಡ್ಡದ ಬಂಡೆಗಳು ಸಂಜೆಯಾದರೂ ಬಿಸಿ ಉಗುಳುತ್ತಿರುತ್ತವೆ. ನಿಮ್ಮ ಅಜ್ಜ ಥರ್ಮಾಸ್ ಫ್ಲಾಸ್ಕ್ ಒಯ್ದಿದ್ದರು. ನಮ್ಮ ಮದುವೆಗೆ ಬಂದಿದ್ದ ಉಡುಗೊರೆ ಅದು, ಅದುವರೆಗೆ ಯಾರೂ ಮುಚ್ಚಳ ತೆಗೆದಿರಲಿಲ್ಲ. ಐಸ್ ಕ್ಯಾಂಡಿ ಮಾಡುವ ಕಡೆ ಹೋಗಿ ಐಸ್ ಕುಟ್ಟಿಸಿ ತುಂಬಿಕೊಂಡು, ಪೊಟ್ಟಣಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದರೊಳಗೆ ಇಳಿಸಿದರು. ಬಸ್ಸು ತೆಕ್ಕಲಕೋಟೆಯಲ್ಲಿ ನಿಂತಾಗ ಇಳಿದು, ಸೋಡಾ ಅಂಗಡಿಯಲ್ಲಿ ಇನ್ನೊಂದು ತುಂಡು ಐಸ್ ಕೇಳಿ ಹಾಕಿಸಿಕೊಂಡರು. ಮನೆಗೆ ಬಂದಾಗ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಫ್ಲಾಸ್ಕಿನೊಳಗೆ ಮಾತ್ರ ಐಸ್ ಗಲಗಲ ಅನ್ನುತ್ತಿತ್ತು. ನನಗೆ ಪ್ರೀತಿಯ ಮಾತು ಒಂದನ್ನೂ ಆಡಿದವರಲ್ಲ ಅವರು. ಆ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

"ಅವ್ವಾ, ತಂಪಾಗಿ ಇಡಬೇಕಂತ" ಎಂದು ಫ್ಲಾಸ್ಕನ್ನು ಅತ್ತೆಯ ಕೈಗೆ ಕೊಟ್ಟರು. ಅಡಿಗೆಮನೆಯ ಹೊಸ್ತಿಲು ದಾಟಿ ಗೊತ್ತಿಲ್ಲದ ಅವರಿಗೆ, ಅದನ್ನು ಹೇಗೆ ಕಲಸಿ ಕೊಡಬೇಕೆಂದು ಕೇಳಿಕೊಂಡು ಬರುವುದು ಹೊಳೆದಿರಲಿಲ್ಲ.

ಅತ್ತೆ ತಂಪಾಗಿಯೇ ಇಟ್ಟರು. ನೀರಿನ ಗಡಿಗೆಯ ಕೆಳಗಿನ ಹಸಿ ಉಸುಕಿನಲ್ಲಿ ಒಂದು ಕುಡಿಕೆ ಹೂತು, ಅದರೊಳಗೆ ಪೊಟ್ಟಣ ಇಟ್ಟು, ಮೇಲೆ ಒದ್ದೆ ಅರಿವೆ ಮುಚ್ಚಿ, ಅರಿವೆ ಆರದಂತೆ ದಿನವಿಡೀ ನೀರು ಚಿಮುಕಿಸಿದರು. ಕೊಡುವ ಹೊತ್ತಿಗೆ ಪೊಟ್ಟಣ ಒಡೆದು ಗಂಜಿಗೆ ಹಾಕಿ, ಗಂಜಿಯನ್ನು ಕುದಿಸಿ, ಆರಿಸಿ, ನನಗೆ ಕುಡಿಸಿದರು. ದಿನಕ್ಕೆ ಮೂರು ಸಲ. ಒಂದು ಹೊತ್ತೂ ತಪ್ಪಲಿಲ್ಲ.

ಹೊಟ್ಟೆ ಮಾತ್ರ ಹಾಗೆಯೇ ಇತ್ತು. ಪೊಟ್ಟಣಗಳೆಲ್ಲ ಮುಗಿದರೂ ನಾನು ಗೋಣಿತಟ್ಟಿನ ಮರೆಗೆ ಓಡುವುದು ನಿಲ್ಲಲಿಲ್ಲ. ಎದೆಯ ಹಾಲು ಇಳಿಯುತ್ತ ಬಂತು. ಹಿತ್ತಲಲ್ಲಿ ಒಬ್ಬಳೇ ಇದ್ದಾಗ ಹಿಂಡಿ ನೋಡಿಕೊಳ್ಳುತ್ತಿದ್ದೆ. ಒಂದು ದಿನ ನಾಲ್ಕು ಹನಿಯೂ ಬರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಮತ್ತೆ ಬಳ್ಳಾರಿಗೆ ಹೊರಟೆವು. ನನ್ನನ್ನು ಅತ್ತೆ ಒಂದು ಕಡೆ, ನಿಮ್ಮ ಅಜ್ಜ ಒಂದು ಕಡೆ ಹಿಡಿದು ಬಸ್ಸು ಹತ್ತಿಸಿದರು. ಕುರುಗೋಡಿಗೆ ದಾರಿ ಒಡೆಯುವ ಕ್ರಾಸಿನಲ್ಲಿ ಅವ್ವ ಕೂಸನ್ನು ಸೊಂಟದ ಮೇಲೆ ಕೂಡಿಸಿಕೊಂಡು ನಿಂತಿದ್ದಳು. ನಿಮ್ಮ ಅಜ್ಜ ಮೊದಲೇ ಹೇಳಿ ಕಳಿಸಿದ್ದರಂತೆ. ನನಗೆ ಗೊತ್ತಿರಲಿಲ್ಲ. ಅವ್ವ ಕಿಟಕಿಯ ಹತ್ತಿರ ಬಂದಳು, ಆದರೆ ನನ್ನ ಕೈಗೆ ಸಿಗದಷ್ಟು ದೂರ ನಿಂತಳು. ಡಾಕ್ಟರಮ್ಮನ ಮಾತು ಅವಳಿಗೂ ಮುಟ್ಟಿತ್ತು.

"ಲೀಲವ್ವ, ನೋಡಲ್ಲಿ ನಿಮ್ಮವ್ವ! ಅವ್ವ ಅನ್ನು!"

ಲೀಲಾ ದುಂಡಗಾಗಿದ್ದಳು. ಕೆಳಗೆ ಹಲ್ಲೊಂದು ಬಂದಿತ್ತು. ನನ್ನ ಕಡೆ ನೋಡಿದಳು, ನನ್ನನ್ನು ದಾಟಿ ಕಂಡಕ್ಟರನ ಕಡೆ ನೋಡಿದಳು. ಅವನು ಸೀಟಿ ಊದಿದ. ಸೀಟಿಗೆ ನಕ್ಕಳು. ಬಸ್ಸು ಹೊರಟಿತು.

ಬಳ್ಳಾರಿ ಮುಟ್ಟುವವರೆಗೂ ಅತ್ತೆ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ನೋಡಿದರು. ಹಳೆಯ ಕ್ರಿಮಿ ಇಲ್ಲ, ಆದರೂ ಹೊಟ್ಟೆ ಸುಧಾರಿಸಿಲ್ಲ. "ಪುಡಿ ಸರಿಯಾಗಿ ಕೊಟ್ಟೀರೇನು ಪೆದ್ದಮ್ಮಾ?" ಎಂದು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡರು. ಒಪ್ಪವಾಗಿ ಕೆಲಸ ಮಾಡಿದವರ ಹೆಮ್ಮೆ ಅವರ ಮುಖದಲ್ಲಿತ್ತು. "ಒಂದು ಹೊತ್ತೂ ಬಿಟ್ಟಿಲ್ರಿ ತಾಯಿ. ಉಸುಕಿನಾಗ ಹೂತು ತಂಪಾಗಿ ಇಟ್ಟೀನ್ರಿ. ಕೊಡೋ ಮುಂದ ಗಂಜ್ಯಾಗ ಹಾಕಿ ಚಲೋತ್ನಾಗಿ ಕುದಿಸಿ..."

"ಏನು ಮಾಡಿ?"

"ಕುದಿಸಿ. ನೀವೇ ಹೇಳಿದ್ರಲ್ಲ, ಕುದಿಸಲಾರದ್ದು ಗುಟುಕೂ ಹೋಗಬಾರದಂತ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಬೈಗುಳಕ್ಕೆ ಕಾದು ಕೂತೆ. ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಅಯ್ಯೋ ಪೆದ್ದಮ್ಮಾ, ಹಂಗಲ್ಲಮ್ಮಾ! ಐಸಿನಾಗ ತಂದು ಒಲಿ ಮ್ಯಾಲ ಇಟ್ರೇನು?" ಎಂದರು. ಅತ್ತೆಯ ಮುಖ ಸಣ್ಣದಾದದ್ದನ್ನು ಕಂಡು ನಗು ನಿಲ್ಲಿಸಿದರು. ಎದ್ದು ಬಂದು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತರು. "ತಪ್ಪು ನಂದಮ್ಮಾ. ಎಲ್ಲಾ ಕುದಿಸ್ರಿ ಅಂದಾಕಿ ನಾನು. ಇದನ್ನ ಕುದಿಸಬ್ಯಾಡ್ರಿ ಅಂತ ಹೇಳಿ ಕಳಿಸಬೇಕಾಗಿತ್ತು. ಈಗ ಒಂದು ಹೇಳ್ರಿ, ಹಾಲಿಗೆ ಹೆಪ್ಪು ಹೆಂಗ ಹಾಕ್ತೀರಿ?"

"ಹೆಂಗಂದ್ರ? ಹಾಲು ಕಾಸಿ, ಉಗುರು ಬೆಚ್ಚಗ ಆದ ಮ್ಯಾಲ."

"ಕುದಿಯೋ ಹಾಲಿಗೆ ಹಾಕಿದ್ರ?"

"ಮೊಸರು ಎಲ್ಲಿಂದ ಆಗ್ಬೇಕ್ರಿ? ಹೆಪ್ಪು ಸುಟ್ಟು ಹೋಗ್ತೈತಿ, ಸತ್ತ..." ಅತ್ತೆ ಅಲ್ಲಿಗೇ ನಿಲ್ಲಿಸಿದರು.

"ಹಾಂ. ಈ ಪುಡಿನೂ ಒಂಥರಾ ಹೆಪ್ಪು. ಇದರಾಗ ಇರೋವು ಜೀವಂತ ಅದಾವು. ಜೀವಂತ ಹೊಟ್ಟಿಗೆ ಮುಟ್ಟಿದ್ರ ಕೆಲಸ ಮಾಡ್ತಾವು."

ನಿಮ್ಮ ಅಜ್ಜ ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಅತ್ತೆಯ ಮುಖದಲ್ಲಿ ಬಂದ ಬದಲಾವಣೆ ಬೇರೆಯದು. ಎದೆಯ ಮೇಲಿನ ಲಿಂಗದ ಕಡೆಗೆ ಅವರ ಕೈ ಹೋಯಿತು. "ಜೀವ ಐತೇನ್ರಿ ಅದರಾಗ?" ಎಂದು ಮೆಲ್ಲಗೆ ಕೇಳಿದರು.

"ಐತಿ. ನೀವು ದಿನಾ ತಿನ್ನೋ ಮೊಸರಿನಾಗೂ ಅಂಥಾವೇ ಅದಾವು."

ಹೊಸ ಪೊಟ್ಟಣಗಳು, ಹೊಸ ಐಸ್. ಹಿಂದಿರುಗುವಾಗ ಫ್ಲಾಸ್ಕ್ ನಿಮ್ಮ ಅಜ್ಜನ ತೊಡೆಯ ಮೇಲಿತ್ತು. ಅತ್ತೆ ದಾರಿಯುದ್ದಕ್ಕೂ ಅದನ್ನೇ ನೋಡುತ್ತ ಕೂತಿದ್ದರು. ಮೊಟ್ಟೆ ಮುಟ್ಟಿದವರ ಕೈಯಿಂದ ನೀರು ಕುಡಿಯದ ಹೆಂಗಸು ಅವರು. ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವರು. ಅಂಥವರು ಇಷ್ಟು ವರ್ಷ ಲಿಂಗಕ್ಕೆ ತೋರಿಸಿ ಉಂಡ ಮೊಸರಿನಲ್ಲಿ ಜೀವಗಳಿದ್ದವು ಎಂದರೆ ಹೇಗಾಗಬೇಡ?

ಅಂದು ಸಂಜೆ ಅವರು ಪುಡಿ ಕೊಡಲಿಲ್ಲ. ಹಾಲಿಗೆ ಹೆಪ್ಪನ್ನೂ ಹಾಕಲಿಲ್ಲ. ಆ ಮನೆಗೆ ನಾನು ಬಂದ ಮೇಲೆ ಹೆಪ್ಪು ಹಾಕದ ಸಂಜೆ ಅದೊಂದೇ.

ನಿಮ್ಮ ಅಜ್ಜ ಸಿಟ್ಟಾದರು. "ಅವ್ವಾ, ಅದು ಔಷಧಿ. ಈಕಿ ಸಾಯಾಕತ್ತಾಳ, ನೀ ಜೀವ ಲೆಕ್ಕ ಮಾಡಾಕತ್ತೀ."

"ಸುಮ್ನಿರಪಾ. ಗಂಜ್ಯಾಗ ಹಾಕಿ ಎಷ್ಟು ಜೀವ ಕೊಂದೀನೋ ನಾನು. ಈಗ ಮತ್ತ ತಿನ್ನಿಸಂದ್ರ ತಿನ್ನಸಲೇನು? ನನಗ ತಿಳೀಬೇಕದು."

ನಾನೇ ಎದ್ದು ಕಲಸಿಕೊಂಡು ಕುಡಿಯಬಹುದಿತ್ತು ಎಂದು ನೀವು ಅನ್ನುತ್ತೀರಿ. ಕುಡಿಕೆ ನನ್ನ ಕೈಗೆ ಎಟಕುವಲ್ಲೇ ಇತ್ತು. ಆದರೆ ನನ್ನ ಹೊಲಸಿಗೆ ಬೂದಿ ಹಾಕಿದ ಕೈ ಅವರದು. ಅವರ ಮನಸ್ಸು ಒಪ್ಪದ್ದನ್ನು ಅವರ ಕಣ್ಣು ತಪ್ಪಿಸಿ ಕುಡಿಯಲು ನನಗೆ ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿದರೆ ಸೀಟಿಗೆ ನಗುವ ಕೂಸು ಕಾಣುತ್ತಿತ್ತು. ಕಣ್ಣು ತೆರೆದರೆ ಒದ್ದೆ ಅರಿವೆಗೆ ನೀರು ಚಿಮುಕಿಸುತ್ತಿದ್ದ ಅತ್ತೆ ಕಾಣುತ್ತಿದ್ದರು. ಕೊಡಲಾರದೆ ಹೋದರೂ, ಅವನ್ನು ಸಾಯಲು ಬಿಡಲಿಲ್ಲ ಅವರು.

ಬೆಳಿಗ್ಗೆ ಪೂಜೆ ಎಂದಿಗಿಂತ ಬಹಳ ಹೊತ್ತು ನಡೆಯಿತು. ಮುಗಿಸಿ ಬಂದು ನನ್ನ ಹಾಸಿಗೆಯ ಹತ್ತಿರ ಕೂತರು.

"ಪಾರವ್ವ, ಒಂದು ಕೇಳ್ತೀನಿ. ಲೀಲಾ ನಿನ್ನ ಹೊಟ್ಟ್ಯಾಗಿದ್ದಾಗ ಜೀವಂತ ಇದ್ಲಲ್ಲ?"

"ಹೂಂರಿ ಅತ್ತಿ."

"ಆಕೀನ ನೀ ತಿಂದಿದ್ದೇನು?"

"ಇಲ್ರಿ" ಎಂದೆ.

"ಇರಾಕ ಜಾಗ ಕೊಟ್ಟಿದ್ದಿ. ಇದೂ ಹಂಗ. ಕೊಂದು ತಿನ್ನೋದಲ್ಲ ಇದು. ಕೊಂದ್ರ ಕೆಲಸಕ್ಕೇ ಬರಾಂಗಿಲ್ಲ ಅಂದ್ರಲ್ಲ ಆಕಿ. ಜೀವಂತ ಒಳಗ ಕರದು, ಕುಂದರಾಕ ಜಾಗ ಕೊಡೋದು."

ಕುದಿಸಿ ಆರಿಸಿ ತಣ್ಣಗಾದ ನೀರನ್ನು ತಂದರು. ಲೋಟದ ಹೊರಮೈಯನ್ನು ಮುಟ್ಟಿ ನೋಡಿದರು. ಒಳಗೆ ಕಿರುಬೆರಳು ಅದ್ದಲು ಹೋಗಿ, ನಾನು ರೋಗಿ ಎಂದು ನೆನಪಾಗಿ ಹಿಂದೆಗೆದರು. ಪೊಟ್ಟಣ ಒಡೆದು ಪುಡಿ ಸುರಿದರು. ಮನೆಗೆ ಬಂದ ಬೀಗರನ್ನು ಕರೆಯುವಂತೆ, ಲೋಟದ ಮೇಲೆ ಬಾಗಿ, "ಬರ್ರಿ, ಒಳಗ ಬರ್ರಿ. ಸಿಟ್ಟು ಮಾಡ್ಕೋಬ್ಯಾಡ್ರಿ, ನಿಮ್ಮೋರನ್ನ ತಿಳೀದ ಕುದಿಸೀನಿ" ಎಂದರು.

ನಾನು ಕುಡಿದೆ. ಸುಣ್ಣದ ಗೋಡೆ ನೆಕ್ಕಿದಂತಹ ಸಪ್ಪೆ ರುಚಿ. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು.

ಅವತ್ತೇ ಏನೂ ಪವಾಡ ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಆದರೆ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ ಬಾಯಲ್ಲಿ ನೀರು ಬಂತು. ಎಷ್ಟೋ ದಿನಗಳಿಂದ ಆ ಸದ್ದು ಕೇಳಿದರೆ ಓಕರಿಕೆ ಬರುತ್ತಿತ್ತು. "ಅತ್ತಿ, ಹಸಿವ್ಯಾಗೈತ್ರಿ" ಎಂದೆ. ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಿ, ಕಣ್ಣೊರೆಸಿಕೊಂಡು ಹೊಗೆಯನ್ನು ಬೈದರು. ಮೆಲ್ಲಗೆ ಹಿತ್ತಲಿಗೆ ಓಡುವುದು ಕಡಿಮೆಯಾಯಿತು. ಡಾಕ್ಟರಮ್ಮನೇ ಹೇಳಿದ್ದುಂಟು, ಇದು ಪುಡಿಯೊಂದರ ಕೆಲಸವಲ್ಲ, ಮಾತ್ರೆ ಕೆಟ್ಟದ್ದನ್ನು ಓಡಿಸಿದ ಮೇಲೆ ಇವು ಬಂದು ಜಾಗ ಹಿಡಿದವು ಎಂದು. ಅದಕ್ಕೇ ಹೇಳುತ್ತೇನೆ, ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಪುಡಿಯನ್ನೇ ನಂಬಿ ಕೂಡಬೇಡಿ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳು, ಐಸಿನಲ್ಲಿ ಕೂತು ಬಸ್ಸಿನಲ್ಲಿ ಬಂದು, ಉಸುಕಿನಲ್ಲಿ ಕಾದು, ನನ್ನಂಥವಳ ಹೊಟ್ಟೆಯಲ್ಲಿ ಸಂಸಾರ ಹೂಡಿದವಲ್ಲ ಎಂದು ನನಗೆ ಈಗಲೂ ಬೆರಗು.

ಒಂದು ದಿನ ಅತ್ತೆ ಗೋಣಿತಟ್ಟುಗಳನ್ನು ಬಿಚ್ಚಿ, ಕುಣಿ ಮುಚ್ಚಿದರು. "ಅರಮನಿ ಕೆಡವಿದೆ ನೋಡು" ಎಂದು ನಕ್ಕರು.

ಕೊನೆಯ ಸಲ ಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ಕಾಗದ ನೋಡಿ, "ಹೋಗಮ್ಮಾ, ಕೂಸನ್ನ ಕರಕೊಂಡು ಹೋಗು. ಇನ್ನ ಮಜ್ಜಿಗಿ, ಮೊಸರು ದಿನಾ ತಿನ್ನು" ಎಂದರು. ಅತ್ತೆಗೆ ಕೈಮುಗಿದು, "ಪೆದ್ದಮ್ಮಾ, ಈಗ ಎಲ್ಲರಿಗೂ ಈ ಪುಡಿ ಕೊಡೋ ಮುಂದ ಒಲಿ ಮ್ಯಾಲ ಇಡಬ್ಯಾಡ್ರಿ ಅಂತ ಹೇಳಿ ಕಳಸ್ತೀನಿ. ನಿಮ್ಮಿಂದ ಕಲತೆ" ಎಂದರು.

ಅಲ್ಲಿಂದ ನೇರ ಕುರುಗೋಡಿನ ಬಸ್ಸು ಹತ್ತಿದೆವು. ದೊಡ್ಡಬಸಪ್ಪನ ಗುಡಿಯ ಕಡೆ ಕೈಮುಗಿದು ಓಣಿಯಲ್ಲಿ ನಡೆಯುವಾಗ ನನ್ನ ಕಾಲು ಅತ್ತೆಯ ಕಾಲಿಗಿಂತ ಮುಂದಿತ್ತು. ಲೀಲಾ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದಳು. ನಾನು ಕೈಚಾಚಿ ಕರೆದೆ. ಅವಳು ನನ್ನನ್ನು ನೋಡಿ, ತುಟಿ ಮುರಿದು ಅಳುತ್ತ, ಹರಿದಾಡಿ ಹೋಗಿ ನನ್ನ ಅವ್ವನ ಸೀರೆಯೊಳಗೆ ಮುಖ ಮುಚ್ಚಿಕೊಂಡಳು.

ಎತ್ತಿಕೊಂಡರೆ ಚೀರಿದಳು. ಎದೆಗೆ ಹಾಕಿಕೊಂಡರೆ ಅಲ್ಲಿ ಅವಳಿಗೆ ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಗುಣವಾಗಿ ಬಂದೆ, ಆದರೆ ತಡವಾಗಿ ಬಂದೆ ಎಂದು ಕಂಬಕ್ಕೆ ಒರಗಿ ಕೂತುಬಿಟ್ಟೆ. ಅವ್ವ ಕೂಸನ್ನು ಬೈಯಹೋದಳು. ಅತ್ತೆ ಅವಳನ್ನು ತಡೆದರು.

"ಕೂಸಿನ ಬೈಬ್ಯಾಡ್ರಿ ಬೀಗ್ತಿ. ಅನ್ನ ಐತೇನು? ಮೊಸರು?"

ಅವ್ವ ತಂದುಕೊಟ್ಟಳು. ಅತ್ತೆ ಅನ್ನವನ್ನು ಬೆರಳಲ್ಲಿ ನುಣ್ಣಗೆ ಮಿದ್ದು, ಮೊಸರು ಕಲಸಿ, ಚೂರು ಉಪ್ಪು ಹಾಕಿ, ತಟ್ಟೆಯನ್ನು ನನ್ನ ಮುಂದಿಟ್ಟರು. ಕೂಸಿನ ಮುಂದಲ್ಲ.

"ನೀ ಉಣ್ಣು. ಆಕೀನ ಕರಿಬ್ಯಾಡ, ನೋಡಬ್ಯಾಡ. ಸುಮ್ನ ಉಣ್ಣು."

ಬಾಣಂತನದ ನಂತರ ನಾನು ಮೊಸರು ಮುಟ್ಟಿದ್ದು ಅದೇ ಮೊದಲು. ಕೈತೊಳೆದು ಬಂದು ಒಂದು ತುತ್ತು ಇಟ್ಟುಕೊಂಡೆ. ಅದರ ಹುಳಿಗೆ, ತಂಪಿಗೆ, ನನ್ನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿ ಉಣ್ಣುತ್ತ ಹೋದೆ. ಅಳು ನಿಂತದ್ದು ಕೇಳಿಸಿತು. ಆಮೇಲೆ ಬಳೆಯ ಸಣ್ಣ ಸದ್ದು. ಆಮೇಲೆ ನನ್ನ ಮೊಣಕಾಲಿನ ಮೇಲೆ ಒಂದು ಪುಟ್ಟ ಅಂಗೈ. ನಾನು ನೋಡಲಿಲ್ಲ. ತುತ್ತೆತ್ತಿದ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ಲೀಲಾ ಬೆರಳುಗಳನ್ನು ತನ್ನ ಬಾಯೊಳಗೆ ಹಾಕಿಕೊಂಡಳು. ಹೊಸ ಹಲ್ಲು ಕಚ್ಚಿತು.

ಹಿಂದಿನಿಂದ ಅತ್ತೆಯ ದನಿ, ಯಾರಿಗೂ ಕೇಳದಿರಲಿ ಎಂಬಂತೆ, ಮೆಲ್ಲಗೆ ಬಂತು: "ಹೋಗ್ರಿ, ಹೋಗ್ರಿ. ಕೂಸಿನ ಹೊಟ್ಟ್ಯಾಗೂ ಕುಂದರ್ರಿ."